ಹೀರೋ ಒತ್ತುವ ಗುಂಡಿ, ಮೇಸ್ತ್ರಿ ನಂಬುವ ಸ್ವಿಚ್ಚು!

ರಾತ್ರಿ ಹೊತ್ತು. ಖಾಲಿ ರಸ್ತೆ. ನಾಲ್ಕು ಕಾರು ಸಾಲಾಗಿ ನಿಂತಿವೆ. ಇಂಜಿನ್‌ಗಳ ಗುರ್ ಗುರ್ ಸದ್ದಿಗೆ ಥಿಯೇಟರಿನ ಕುರ್ಚಿಯೂ ನಡುಗುತ್ತಿದೆ. ಕೈ ಕೆಳಗಿಳಿಯಿತು... ರೇಸು ಶುರು! ಹೀರೋ ಹಿಂದೆ ಬೀಳುತ್ತಿದ್ದಾನೆ. ಹಲ್ಲು ಕಚ್ಚಿ ಒಂದು ಗುಂಡಿ ಒತ್ತುತ್ತಾನೆ. ಅಷ್ಟೇ! ಕಾರು ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಹಾರುತ್ತೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ಯಾವ ಪಿಕ್ಚರ್ ಅಂತ ಗೊತ್ತಾಯ್ತಲ್ಲ? 2001ರಲ್ಲಿ ಬಂದ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್'. ನಿರ್ದೇಶನ ರಾಬ್ ಕೊಹೆನ್. ಗುಂಡಿ ಒತ್ತಿದವನು ಪಾಲ್ ವಾಕರ್, ಪಕ್ಕದ ಕಾರಿನಲ್ಲಿ ವಿನ್ ಡೀಸೆಲ್. ಆ ಗುಂಡಿಯ ಹಿಂದೆ ಇರೋದು ನೈಟ್ರಸ್ ಅನ್ನೋ ಗ್ಯಾಸು. ಆ ಚಿತ್ರ ಬಂದಮೇಲೆ ನಮ್ಮೂರಿನ ಪಡ್ಡೆ ಹುಡುಗರಿಗೂ 'ನೈಟ್ರಸ್' ಅನ್ನೋ ಪದ ಬಾಯಿಪಾಠ ಆಯಿತು. ಕಾರು ಇಲ್ಲದವರೂ ನೈಟ್ರಸ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ!

ಆದರೆ ಓದುಗರೇ, ಆ ಗುಂಡಿಗೂ ಗ್ಯಾಸಿಗೂ ನಡುವೆ ಹೆಬ್ಬೆರಳಿನಷ್ಟು ದಪ್ಪದ ಇನ್ನೊಂದು ಸ್ವಿಚ್ಚು ಇರುತ್ತೆ. ಅದಕ್ಕೆ ಕ್ಲೋಸಪ್ ಇಲ್ಲ, ಡೈಲಾಗ್ ಇಲ್ಲ. ಹೀರೋ ಬೇಕು ಅಂದರೂ 'ಆಗಲ್ಲ' ಅನ್ನುವ ಅಧಿಕಾರ ಮಾತ್ರ ಅದಕ್ಕಿದೆ. ಅಂಥ ಒಂದು ಸ್ವಿಚ್ಚಿನ ಸಲುವಾಗಿ ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ನಡೆದ ಜಗಳವನ್ನು ನಾನು ಕಣ್ಣಾರೆ ನೋಡಿದೆ. ಅದನ್ನೇ ಹೇಳ್ತೀನಿ, ಕೇಳಿ.

ಕಾಫಿ ನಾಡಿನಲ್ಲಿ ಕಾರಿನ ಹುಚ್ಚು

ಸಿನಿಮಾದವರಿಗೆ ಚಿಕ್ಕಮಗಳೂರು ಜಿಲ್ಲೆ ಹೊಸದಲ್ಲ. ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಬರೆದ ಕಥೆಗಳೇ 'ಅಬಚೂರಿನ ಪೋಸ್ಟಾಫೀಸು', 'ತಬರನ ಕಥೆ' ಆಗಿ ತೆರೆಗೆ ಬಂದವು. ಮಂಜು, ತೋಟ, ಘಾಟಿ ರಸ್ತೆ ಅಂತ ಹಾಡು ತೆಗೆಯೋಕೆ ಬರುವ ಯೂನಿಟ್ಟುಗಳಿಗೂ ಕೊರತೆಯಿಲ್ಲ. ಆದರೆ ಈ ಊರಿಗೆ ಇನ್ನೊಂದು ಹುಚ್ಚಿದೆ. ಅದು ಕಾರಿನ ಹುಚ್ಚು. ಇಲ್ಲಿಯ ತೋಟಗಳ ಮಣ್ಣು ರಸ್ತೆಯಲ್ಲಿ ರ‍್ಯಾಲಿ ನಡೆಯುತ್ತೆ. 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೇ ಇಲ್ಲಿಗೆ ಬಂದಿತ್ತು. 2013 ಮತ್ತು 2017ರ ಏಷ್ಯಾ-ಪೆಸಿಫಿಕ್ ಚಾಂಪಿಯನ್ ಗೌರವ್ ಗಿಲ್ ಅವರ ಕಾರು ಕಾಫಿ ಗಿಡದ ನಡುವೆ ಧೂಳೆಬ್ಬಿಸಿ ಹೋಗಿದ್ದನ್ನು ನೋಡಿದವರು ಈಗಲೂ ಅದನ್ನೇ ಮಾತಾಡ್ತಾರೆ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಗೆ ಸಿಕ್ಕ ಮೊದಲನೇ ಅರ್ಜುನ ಅದು.

ಅಂದ ಹಾಗೆ, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ರ‍್ಯಾಲಿ ಕಾರಿಗೂ ಈ ನೈಟ್ರಸ್ಸಿಗೂ ಸಂಬಂಧ ಇಲ್ಲ. ರ‍್ಯಾಲಿಯ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪೆಟ್ರೋಲನ್ನು ಉರಿಸೋಕೆ ಗಾಳಿ ಬಿಟ್ಟು ಬೇರೇನೂ ಬೆರೆಸುವಂತಿಲ್ಲ. ನೈಟ್ರಸ್ ಬಳಕೆ ಏನಿದ್ದರೂ ಡ್ರ್ಯಾಗ್ ರೇಸಿನಲ್ಲಿ. ಅಂದರೆ ನೇರ ಟ್ರ್ಯಾಕಿನಲ್ಲಿ ಕಾಲು ಮೈಲಿ ಯಾರು ಮೊದಲು ಮುಗಿಸ್ತಾರೆ ಅನ್ನೋ ಪಂದ್ಯ. ಅದಕ್ಕೆ ನಮ್ಮ ಹುಡುಗರು ಘಟ್ಟ ಇಳಿದು ದೂರದ ಊರಿಗೇ ಹೋಗಬೇಕು.

ಈ ಬೆಟ್ಟದ ಊರಲ್ಲಿ ಅದರ ಆಸೆ ಯಾಕೆ ಹುಟ್ಟುತ್ತೆ ಅಂತಲೂ ಹೇಳ್ತೀನಿ. ಚಿಕ್ಕಮಗಳೂರು ಪೇಟೆ ಇರೋದೇ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲೆ. ಮುಳ್ಳಯ್ಯನಗಿರಿ ತುದಿ 1900 ಮೀಟರಿಗೂ ಹೆಚ್ಚು. ಮೇಲೆ ಹೋದಷ್ಟೂ ಗಾಳಿ ತೆಳು. ಗಾಳಿ ತೆಳುವಾದರೆ ಇಂಜಿನ್ನಿಗೆ ಉಸಿರು ಕಮ್ಮಿ. ಮಂಗಳೂರಿನಲ್ಲಿ ಹುಲಿಯಂತೆ ಓಡಿದ ಕಾರು ಇಲ್ಲಿಯ ಏರಿನಲ್ಲಿ ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತೆ. ಆಗ ಯಾರೋ ಬಂದು 'ಒಂದು ಬಾಟಲಿ ಗ್ಯಾಸು ಕಟ್ಟಿಸಿದ್ರೆ ಎಲ್ಲಾ ಸರಿಹೋಗುತ್ತೆ' ಅಂದರೆ ಯಾರ ಕಿವಿ ನೆಟ್ಟಗಾಗಲ್ಲ ಹೇಳಿ?

'ಡಿಕಾಕ್ಷನ್ ಜಾಸ್ತಿ, ಹಾಲು ಕಮ್ಮಿ'

ಆ ಗ್ಯಾರೇಜು ಇರೋದು ಮೂಡಿಗೆರೆ ರಸ್ತೆ ಕಡೆ. ಹೆಸರು ಬೇಡ, ಮೇಸ್ತ್ರಿಗೆ ಪ್ರಚಾರ ಅಂದ್ರೆ ಆಗಲ್ಲ. ಅರವತ್ತು ದಾಟಿದ ಮನುಷ್ಯ. ಕಿವಿ ಮೇಲೆ ಪೆನ್ಸಿಲು, ಹೆಗಲ ಮೇಲೆ ಒಂದು ಬೈರಾಸು. ಹಿಂದೆ ರ‍್ಯಾಲಿ ಕಾರುಗಳ ರಿಪೇರಿ ತಂಡದ ಜೊತೆ ಓಡಾಡಿದವರು. ಶೂಟಿಂಗಿಗೆ ಬಂದ ಯೂನಿಟ್ಟಿನ ಜೀಪು ಕೆಟ್ಟರೂ ಇವರ ಹತ್ತಿರವೇ ಬರ್ತಿತ್ತಂತೆ. ಯಾವ ನಟನ ಬಗ್ಗೆ ಕೇಳಿದರೂ ಅವರು ಹೇಳೋದು ಅವನ ಕಾರಿನ ಕ್ಲಚ್ಚಿನ ಬಗ್ಗೆ!

ನಾನು ಹೋಗಿದ್ದು ಸಿನಿಮಾ ಕಾರುಗಳ ಬಗ್ಗೆ ಬರೆಯೋಕೆ. ಪಿ.ಯು.ಸಿ.ಯ ಭೌತಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟು ಬಂದ ನನಗೆ ಮೇಸ್ತ್ರಿಯೇ ಪಾಠ ಹೇಳಿದರು.

"ನೈಟ್ರಸ್ ಅಂದ್ರೆ ಎಂತ ಮೇಸ್ತ್ರಿ? ಪೆಟ್ರೋಲಿಗಿಂತ ಜೋರಾಗಿ ಉರಿಯೋ ಗ್ಯಾಸಾ?"

"ಅಲ್ಲ ಮಾರಾಯ. ಅದು ತಾನೇ ಉರಿಯಲ್ಲ. ಬೇರೆಯವರನ್ನ ಉರಿಸುತ್ತೆ. ನಮ್ಮೂರ ರಾಜಕೀಯದ ತರ!"

ಇದರ ಪೂರ್ತಿ ಹೆಸರು ನೈಟ್ರಸ್ ಆಕ್ಸೈಡ್. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಕಂಡುಹಿಡಿದದ್ದು. ಮೂಸಿದರೆ ನಗು ಬರುತ್ತೆ ಅಂತ 'ನಗೆ ಗ್ಯಾಸು' ಅನ್ನೋ ಹೆಸರೂ ಬಂತು. ಆಪರೇಷನ್ ಮಾಡುವಾಗ ಮತ್ತು ಬರಿಸೋಕೆ ಆಸ್ಪತ್ರೆಗಳಲ್ಲಿ ಬಳಸ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಇದನ್ನೇ ಯುದ್ಧ ವಿಮಾನದ ಇಂಜಿನ್ನಿಗೆ ಊದಿದರು. ಕಾರಣ ಇಷ್ಟೇ: ಎತ್ತರದಲ್ಲಿ ಗಾಳಿ ತೆಳು, ಇಂಜಿನ್ನಿಗೆ ಆಮ್ಲಜನಕ ಸಾಲದು. ಮುಳ್ಳಯ್ಯನಗಿರಿಯ ಸಮಸ್ಯೆಯೇ, ಇನ್ನಷ್ಟು ಮೇಲೆ!

ನಾವು ಉಸಿರಾಡೋ ಗಾಳಿಯ ತೂಕದಲ್ಲಿ ಆಮ್ಲಜನಕ ಶೇಕಡಾ 23. ನೈಟ್ರಸ್ಸಿನಲ್ಲಿ ಶೇಕಡಾ 36. ಇಂಜಿನ್ನಿನ ಒಳಗಿನ ಬಿಸಿಗೆ ಆ ಗ್ಯಾಸು ಒಡೆದು ಆಮ್ಲಜನಕ ಬಿಡುತ್ತೆ. ಆಮ್ಲಜನಕ ಜಾಸ್ತಿ ಸಿಕ್ಕರೆ ಪೆಟ್ರೋಲನ್ನೂ ಜಾಸ್ತಿ ಉರಿಸಬಹುದು. ಜಾಸ್ತಿ ಉರಿದರೆ ಜಾಸ್ತಿ ಶಕ್ತಿ. ಗುಟ್ಟು ಇಷ್ಟೇ.

"ಆದ್ರೆ ಒಂದು ಷರತ್ತು," ಅಂದರು ಮೇಸ್ತ್ರಿ. "ಗ್ಯಾಸು ಎಷ್ಟು ಹೋಗುತ್ತೋ ಅದಕ್ಕೆ ತಕ್ಕ ಪೆಟ್ರೋಲೂ ಅದೇ ಕ್ಷಣಕ್ಕೆ ಹೋಗಬೇಕು. ಡಿಕಾಕ್ಷನ್ ಜಾಸ್ತಿಯಾಗಿ ಹಾಲು ಕಮ್ಮಿಯಾದ್ರೆ ಕಾಫಿ ಕಹಿ ಆಗುತ್ತೆ, ಅಷ್ಟೇ. ಇಲ್ಲಿ ಗ್ಯಾಸು ಜಾಸ್ತಿಯಾಗಿ ಪೆಟ್ರೋಲು ಕಮ್ಮಿಯಾದ್ರೆ ಪಿಸ್ಟನ್ನೇ ತೂತು! ಗ್ಯಾಸ್ ಕಟಿಂಗ್ ಮಾಡೋದು ನೋಡಿದ್ದೀಯಾ? ಆಕ್ಸಿಜನ್ ಜೋರು ಬಿಟ್ರೆ ಕಬ್ಬಿಣ ಬೆಣ್ಣೆ ತರ ಕುಯ್ಯುತ್ತೆ. ಹಾಗೆ."

ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ ಕರಗೋಕೆ 660 ಡಿಗ್ರಿ ಸಾಕು. ಇಂಜಿನ್ನಿನ ಒಳಗೆ ಉರಿಯುವ ಬೆಂಕಿ 2000 ಡಿಗ್ರಿ ದಾಟುತ್ತೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಕಾವಲುಗಾರ

ಹಾಗಾಗಿಯೇ ಒಬ್ಬ ಕಾವಲುಗಾರ ಬೇಕು. ಅವನೇ ನಮ್ಮ ಕಥಾನಾಯಕ, ಪೆಟ್ರೋಲ್ ಒತ್ತಡದ ಸುರಕ್ಷತಾ ಸ್ವಿಚ್ಚು. ಗ್ಯಾರೇಜಿನ ಭಾಷೆಯಲ್ಲಿ ಬರೀ 'ಪ್ರೆಷರ್ ಸ್ವಿಚ್ಚು'. ಇದು ಪೆಟ್ರೋಲ್ ಪೈಪಿಗೆ ತಿರುಪಿ ಕೂರಿಸುವ ಸಣ್ಣ ಲೋಹದ ತುಂಡು. ಒಳಗೆ ಒಂದು ತೆಳು ಪೊರೆ, ಒಂದು ಸ್ಪ್ರಿಂಗು, ಎರಡು ಕಾಂಟ್ಯಾಕ್ಟು. ಪೈಪಿನಲ್ಲಿ ಪೆಟ್ರೋಲಿನ ಒತ್ತಡ ಸರಿಯಾಗಿದ್ದರೆ ಪೊರೆ ಸ್ಪ್ರಿಂಗನ್ನು ತಳ್ಳುತ್ತೆ, ಕಾಂಟ್ಯಾಕ್ಟು ಸೇರುತ್ತೆ, ಕರೆಂಟು ಹರಿಯುತ್ತೆ. ಒತ್ತಡ ಬಿದ್ದರೆ ಸ್ಪ್ರಿಂಗು ವಾಪಸ್ ತಳ್ಳುತ್ತೆ, ಕರೆಂಟು ಕಟ್!

ಪೂರ್ತಿ ಸರಪಳಿ ಹೀಗಿದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಮೈನ್ ಸ್ವಿಚ್ಚು. ಆಕ್ಸಿಲೇಟರನ್ನು ಪೂರ್ತಿ ತುಳಿದಾಗ ಮಾತ್ರ ಸೇರುವ ಇನ್ನೊಂದು ಸ್ವಿಚ್ಚು. ಆಮೇಲೆ ನಮ್ಮ ಪ್ರೆಷರ್ ಸ್ವಿಚ್ಚು. ಈ ಮೂರೂ 'ಹೂಂ' ಅಂದರೆ ಮಾತ್ರ ರಿಲೇ ಎಳೆಯುತ್ತೆ. ರಿಲೇ ಎಳೆದರೆ ಎರಡು ಸೊಲೆನಾಯ್ಡ್ ಬಾಗಿಲು ಒಟ್ಟಿಗೆ ತೆರೆಯುತ್ತೆ. ಒಂದರಲ್ಲಿ ಗ್ಯಾಸು, ಇನ್ನೊಂದರಲ್ಲಿ ಹೆಚ್ಚುವರಿ ಪೆಟ್ರೋಲು. ಮೂವರಲ್ಲಿ ಒಬ್ಬ 'ಊಹೂಂ' ಅಂದರೂ ಏನೂ ಆಗಲ್ಲ. ನಮ್ಮ ಮನೆ ಮದುವೆ ಮಾತುಕತೆ ಇದ್ದ ಹಾಗೆ!

'ಚಿಕ್ಕ ಗೌಡ್ರ' ಸಿಟ್ಟು

ನಾವು ಮಾತಾಡ್ತಿರುವಾಗಲೇ ಒಂದು ಪಿಕಪ್ಪಿನ ಮೇಲೆ ಕಾರು ಬಂತು. ಹಳೇ ಇಂಜೆಕ್ಷನ್ ಇಂಜಿನ್ನಿನ ಪೆಟ್ರೋಲ್ ಕಾರು. ಯಾವ ಕಂಪನಿದು ಅಂತ ಕೇಳಬೇಡಿ, ತಪ್ಪು ಕಂಪನಿದಲ್ಲ. ಜೊತೆಗೆ ಬಂದವನು ಕಳಸದ ಕಡೆಯ ತೋಟದವರ ಹುಡುಗ. ಇಪ್ಪತ್ತೆರಡು-ಇಪ್ಪತ್ಮೂರು ವಯಸ್ಸು. ಬೇರೆ ಊರಿನಲ್ಲಿ ಯಾರ ಕೈಯಲ್ಲೋ ನೈಟ್ರಸ್ ಕಿಟ್ಟು ಹಾಕಿಸಿಕೊಂಡಿದ್ದಾನೆ. ಇನ್ನು ಒಂದು ವಾರಕ್ಕೆ ಡ್ರ್ಯಾಗ್ ಪಂದ್ಯ.

"ಮೇಸ್ತ್ರಿ, ಗ್ಯಾಸು ಸರಿಯಾಗಿ ಬರ್ತಾ ಇಲ್ಲ. ಒಂದ್ಸಲ ಎಳೆಯುತ್ತೆ, ತಕ್ಷಣ ಬಿಡುತ್ತೆ. ಮತ್ತೆ ಎಳೆಯುತ್ತೆ, ಬಿಡುತ್ತೆ. ಬಿಕ್ಕಳಿಕೆ ಬಂದ ಹಾಗೆ. ಈ ಪ್ರೆಷರ್ ಸ್ವಿಚ್ಚು ಹೋಗಿದೆ. ಹೊಸದು ಬರೋಕೆ ಹತ್ತು ದಿನ ಬೇಕಂತೆ. ಅದನ್ನ ಕಿತ್ತು ಎರಡೂ ವೈರು ಒಟ್ಟಿಗೆ ಜೋಡಿಸಿಬಿಡಿ. ಐದು ನಿಮಿಷದ ಕೆಲಸ."

ಮೇಸ್ತ್ರಿ ಕೈ ಒರೆಸಿಕೊಂಡರು. "ಚಿಕ್ಕ ಗೌಡ್ರೇ, ನಾಯಿ ಬೊಗಳ್ತಾ ಇದೆ ಅಂತ ನಾಯಿಗೆ ಹೊಡಿಯೋದಾ, ಯಾರು ಬಂದ್ರು ಅಂತ ನೋಡೋದಾ?"

"ನಾಯಿಗೇ ಹುಚ್ಚು ಹಿಡಿದಿದ್ರೆ?"

"ಅದನ್ನೂ ನೋಡೋಣ. ಆದ್ರೆ ನೋಡೋಕೆ ಮುಂಚೆ ಜೋಡ್ಸಲ್ಲ."

ಹುಡುಗನ ಮುಖ ಕೆಂಪಾಯ್ತು. "ದುಡ್ಡು ಕೊಡೋನು ನಾನು" ಅಂದುಬಿಟ್ಟ. ಗ್ಯಾರೇಜಿನ ಹುಡುಗರೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಮೇಸ್ತ್ರಿ ಮಾತ್ರ ಏನೂ ಕೇಳಿಸದವರ ಹಾಗೆ ಡಿಕ್ಕಿ ತೆಗೆದು ಬಾಟಲಿ ಮುಟ್ಟಿ ನೋಡಿದರು.

ಪತ್ತೇದಾರಿಕೆ ಶುರು

ಇಲ್ಲಿಂದ ಮುಂದೆ ನಡೆದದ್ದು ಸಿ.ಐ.ಡಿ. 999 ಚಿತ್ರದ ಪತ್ತೇದಾರಿಕೆಗೆ ಕಮ್ಮಿ ಇರಲಿಲ್ಲ. ಒಂದೊಂದೇ ಅನುಮಾನಿತನನ್ನು ಕರೆದು ವಿಚಾರಣೆ!

ಮೊದಲನೇ ಕೆಲಸ, ಬಾಟಲಿಯ ವಾಲ್ವು ಬಂದ್ ಮಾಡಿ, ಪೈಪಿನಲ್ಲಿ ಉಳಿದ ಗ್ಯಾಸನ್ನು ಬಯಲಿನಲ್ಲಿ ಹೊರಗೆ ಬಿಟ್ಟು, ಬಾಟಲಿಯನ್ನೇ ಬಿಚ್ಚಿ ನೆರಳಿನಲ್ಲಿ ಇಟ್ಟದ್ದು. ಆ ಬಾಟಲಿಯ ಒಳಗಿನ ಒತ್ತಡ ಸುಮಾರು 900 ಪೌಂಡು. ಪೌಂಡು ಅಂದರೆ ಟೈರಿಗೆ ಗಾಳಿ ಹಿಡಿಸುವಾಗ 30 ಪೌಂಡು, 32 ಪೌಂಡು ಅಂತೀವಲ್ಲ, ಅದೇ ಲೆಕ್ಕ. ಅದರ ಮೂವತ್ತರಷ್ಟು! ಆಮೇಲೆ ಕಾರನ್ನು ಅಂಗಳಕ್ಕೆ ತಳ್ಳಿಸಿದರು. ಬೆಂಕಿ ಆರಿಸುವ ಸಿಲಿಂಡರು ಒಂದು, ಮರಳಿನ ಬಕೆಟ್ಟು ಎರಡು. ಬೀಡಿ ಸೇದುವ ಹುಡುಗನನ್ನು ಗೇಟಿನಾಚೆ ಕಳಿಸಿದರು.

ಮೊದಲ ಅನುಮಾನಿತ, ಫ್ಯೂಸು ಮತ್ತು ರಿಲೇ. ಫ್ಯೂಸು ಸರಿ. ರಿಲೇ ಬದಲಾಯಿಸಿ ನೋಡಿದರು, ವ್ಯತ್ಯಾಸ ಇಲ್ಲ. ಬಿಡುಗಡೆ!

ಎರಡನೆಯವನು, ಆಕ್ಸಿಲೇಟರಿನ ಸ್ವಿಚ್ಚು. ಮಲ್ಟಿಮೀಟರ್ ಹಚ್ಚಿ ಪೆಡಲ್ ತುಳಿಸಿದರು. ಪೂರ್ತಿ ತುಳಿದಾಗ 'ಪೀಂ' ಅಂತು, ಬಿಟ್ಟಾಗ ಸುಮ್ಮನಾಯ್ತು. ಇವನೂ ಸಾಚಾ.

ಮೂರನೆಯವನು ನಮ್ಮ ಪ್ರೆಷರ್ ಸ್ವಿಚ್ಚು. ಇಂಜಿನ್ ಆಫ್ ಮಾಡಿ ಒತ್ತಡ ಇಳಿಸಿದಾಗ ಮೀಟರು ಸುಮ್ಮನಿರಬೇಕು, ಸುಮ್ಮನಿತ್ತು. ಇಂಜಿನ್ ಸ್ಟಾರ್ಟ್ ಮಾಡಿದಾಗ 'ಪೀಂ' ಅನ್ನಬೇಕು, ಅಂತು.

"ಇಲ್ಲಿ ನೆನಪಿಡಬೇಕಾದ್ದು," ಅಂದರು ಮೇಸ್ತ್ರಿ ನನ್ನ ಕಡೆ ತಿರುಗಿ, "ಸ್ವಿಚ್ಚು ಯಾವಾಗ್ಲೂ ಸೇರದೇ ಇದ್ರೆ ಗ್ಯಾಸು ಬರಲ್ಲ, ಅಷ್ಟೇ. ಪ್ರಾಣಕ್ಕೇನೂ ಇಲ್ಲ. ಒತ್ತಡ ಇಲ್ಲದಾಗ್ಲೂ ಸೇರ್ಕೊಂಡೇ ಇದ್ರೆ? ಅದು ನಿಜವಾಗಿ ಕೆಟ್ಟ ಸ್ವಿಚ್ಚು. ಆಗ ಯಾರೂ ಕಂಪ್ಲೇಂಟ್ ತರಲ್ಲ, ಯಾಕಂದ್ರೆ ಕಾರು ಚೆನ್ನಾಗೇ ಓಡ್ತಿರುತ್ತೆ. ಒಡೆಯೋವರೆಗೂ!"

ನಾಲ್ಕನೆಯದು ಅರ್ತು. ಕೆಲವು ಸ್ವಿಚ್ಚಿಗೆ ಒಂದೇ ವೈರು, ಮೈಯೇ ಅರ್ತು. ಅಂಥದ್ದಕ್ಕೆ ಲೀಕ್ ಆಗದಿರಲಿ ಅಂತ ತಿರುಪಿಗೆ ಟೆಫ್ಲಾನ್ ಟೇಪು ಸುತ್ತಿದರೆ ಅರ್ತೇ ಸಿಗದೆ ಕೈಕೊಡುತ್ತೆ. ಈ ಕಾರಿನದ್ದು ಎರಡು ವೈರಿನ ಸ್ವಿಚ್ಚು. ಆ ತೊಂದರೆ ಇಲ್ಲ. ಆದರೂ ವೈರನ್ನು ಇಲಿ ಕಡಿದಿದೆಯಾ ಅಂತ ಉದ್ದಕ್ಕೂ ನೋಡಿದರು. ಮಲೆನಾಡಿನ ಶೆಡ್ಡಿನಲ್ಲಿ ನಿಂತ ಕಾರಿಗೆ ಮೊದಲ ಮೆಕ್ಯಾನಿಕ್ಕು ಇಲಿಯೇ ತಾನೆ!

ಸೈಕಲ್ ಪಂಪಿನ ಸಾಕ್ಷಿ

"ನೋಡಿ, ಎಲ್ಲಾ ಸರಿ ಇದೆ ಅಂದ್ಮೇಲೆ ಸ್ವಿಚ್ಚೇ ಸುಳ್ಳು ಹೇಳ್ತಿರೋದು," ಅಂದ ಹುಡುಗ.

ಮೇಸ್ತ್ರಿ ಸ್ವಿಚ್ಚನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟರು. ಹಿಂದಿನಿಂದ ಏನು ತಂದರು ಅಂತೀರಿ? ಒಂದು ಸೈಕಲ್ ಪಂಪು! ಅದಕ್ಕೆ ಒಂದು ಪ್ರೆಷರ್ ಗೇಜು, ಒಂದು ರಬ್ಬರ್ ಪೈಪು, ಪೈಪಿನ ತುದಿಗೆ ಸ್ವಿಚ್ಚು. ಸ್ವಿಚ್ಚಿನ ವೈರಿಗೆ ಮೀಟರು. ಹುಡುಗನ ಕೈಗೇ ಪಂಪು ಕೊಟ್ಟು "ಒತ್ತಿ ಚಿಕ್ಕ ಗೌಡ್ರೇ" ಅಂದರು.

ಒತ್ತಿದ. 20... 25... 30... 36 ಪೌಂಡಿಗೆ 'ಪೀಂ'! ಮೆಲ್ಲಗೆ ಗಾಳಿ ಬಿಟ್ಟರು. 33ಕ್ಕೆ ಸದ್ದು ನಿಂತಿತು. ಮತ್ತೆ ಒತ್ತಿಸಿದರು. ಮತ್ತೆ 36, ಮತ್ತೆ 33. ಐದು ಸಲ ಮಾಡಿಸಿದರು. ಐದು ಸಲವೂ ಅದೇ ಲೆಕ್ಕ.

"ಕೋರ್ಟಿನಲ್ಲಿ ಇಷ್ಟು ಸಲ ಒಂದೇ ಮಾತು ಹೇಳೋ ಸಾಕ್ಷಿ ಎಲ್ಲಿ ಸಿಗುತ್ತೆ?" ಅಂದರು ಮೇಸ್ತ್ರಿ. "ಇದು ಸುಳ್ಳು ಹೇಳ್ತಿಲ್ಲ. ಇಂಜಿನ್ ಸುಮ್ನೆ ನಿಂತಾಗ ಪೆಟ್ರೋಲ್ ಒತ್ತಡ ಇದೆ. ಕೆಲಸಕ್ಕೆ ಇಳಿದಾಗ ಇಲ್ಲ. ಅದನ್ನೇ ಇದು ಹೇಳ್ತಿರೋದು."

ಬಿಕ್ಕಳಿಕೆಯ ಗುಟ್ಟು ಅಲ್ಲಿತ್ತು. ಗ್ಯಾಸಿನ ಜೊತೆ ಹೆಚ್ಚುವರಿ ಪೆಟ್ರೋಲಿನ ಬಾಗಿಲು ತೆರೆದ ತಕ್ಷಣ ಪೈಪಿನ ಒತ್ತಡ ಬೀಳುತ್ತೆ. ಸ್ವಿಚ್ಚು ಬಾಗಿಲು ಮುಚ್ಚಿಸುತ್ತೆ. ಖರ್ಚು ನಿಂತಮೇಲೆ ಒತ್ತಡ ಮತ್ತೆ ಏರುತ್ತೆ. ಸ್ವಿಚ್ಚು 'ಈಗ ಸರಿ' ಅಂತ ಮತ್ತೆ ತೆರೆಸುತ್ತೆ. ಮತ್ತೆ ಬೀಳುತ್ತೆ. ಹೀಗೆ ಎಳೆಯೋದು, ಬಿಡೋದು!

ಅದನ್ನೂ ಕಣ್ಣಿಗೆ ತೋರಿಸಿದರು. ಇಂಜಿನ್ ಆಫ್. ಗ್ಯಾಸ್ ಬಾಟಲಿ ದೂರ. ಹೆಚ್ಚುವರಿ ಪೆಟ್ರೋಲಿನ ಪೈಪನ್ನು ಇಂಜಿನ್ ಕಡೆಯಿಂದ ಬಿಚ್ಚಿ ಒಂದು ಕ್ಯಾನಿಗೆ ಇಳಿಸಿದರು. ಪಂಪು ಓಡಿಸಿದಾಗ ಗೇಜು 43 ಪೌಂಡು ತೋರಿಸಿತು. ಹುಡುಗನ ಮುಖ ಅರಳಿತು. ಆಮೇಲೆ ಪೆಟ್ರೋಲಿನ ಸೊಲೆನಾಯ್ಡ್ ತೆರೆದರು. ಪೆಟ್ರೋಲು ಕ್ಯಾನಿಗೆ ಹರಿಯತೊಡಗಿದ ಕೂಡಲೇ ಮುಳ್ಳು ಸರ್ರನೆ ಇಳಿದು 28ಕ್ಕೆ ನಿಂತಿತು.

ಹುಡುಗ ಮಾತಾಡಲಿಲ್ಲ.

ನಿಜವಾದ ಕಳ್ಳ

ಈ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಶೆಡ್ಡಿನಲ್ಲಿ ನಿಂತಿತ್ತಂತೆ. ಕಳಸದ ಮಳೆ ನಿಮಗೆ ಗೊತ್ತು. ಗೋಡೆಯೂ ಬೆವರುತ್ತೆ. ಅರ್ಧ ಖಾಲಿ ಟ್ಯಾಂಕಿನ ಒಳಗೂ ನೀರು ಕೂರುತ್ತೆ, ತುಕ್ಕು ಹಿಡಿಯುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೇರೆ ಬೆರೆತಿರುತ್ತೆ. ಅದು ನೀರನ್ನು ಎಳೆದುಕೊಳ್ಳುತ್ತೆ. ಫಿಲ್ಟರ್ ಬಿಚ್ಚಿ ಬಗ್ಗಿಸಿದಾಗ ಹೊರಗೆ ಬಂದದ್ದು ಪೆಟ್ರೋಲಲ್ಲ, ಚಿಕೋರಿ ಜಾಸ್ತಿ ಹಾಕಿದ ಹೋಟೆಲ್ ಕಾಫಿ!

ಇನ್ನೊಬ್ಬ ಕಳ್ಳ ಹಿಂದಿನ ಸೀಟಿನ ಕೆಳಗಿದ್ದ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟು. ಆದರೆ ಪೆಟ್ರೋಲ್ ಪಂಪಿನ ಹತ್ತಿರ ಅಳೆದಾಗ ಬರೀ 10.6. ಅರ್ತಿನ ವೈರು ಹಸಿರು ಪಾಚಿ ಹಿಡಿದಿತ್ತು. ಅರ್ಧ ಹೊಟ್ಟೆ ಊಟ ಮಾಡಿದ ಆಳು ಎಷ್ಟು ಗುಂಡಿ ತೋಡಿಯಾನು? ಹಾಗಾಗಿತ್ತು ಪಂಪಿನ ಪಾಡು.

ಟ್ಯಾಂಕು ತೊಳೆದು, ಹೊಸ ಫಿಲ್ಟರ್ ಹಾಕಿ, ಪಂಪಿಗೆ ದಪ್ಪ ವೈರು, ಬೇರೆ ರಿಲೇ, ಉಜ್ಜಿ ಶುಚಿ ಮಾಡಿದ ಅರ್ತು. ಮಾರನೇ ದಿನ ಮತ್ತೆ ಅದೇ ಪರೀಕ್ಷೆ. ನಿಂತಾಗ 43, ಪೆಟ್ರೋಲು ಹರಿಯುವಾಗ 41. ಮುಳ್ಳು ಅಲುಗಲಿಲ್ಲ. ಪ್ರೆಷರ್ ಸ್ವಿಚ್ಚು? ಅದೇ ಹಳೇದು! ಒಂದು ತಿರುಪನ್ನೂ ಮುಟ್ಟಲಿಲ್ಲ.

ಸ್ವಿಚ್ಚಿನ ತಲೆಯಲ್ಲಿ ಅಲನ್ ಕೀ ಹಾಕಿ ತಿರುಗಿಸುವ ಸಣ್ಣ ತಿರುಪು ಇರುತ್ತೆ. ಎಷ್ಟು ಪೌಂಡಿಗೆ ಸೇರಬೇಕು ಅನ್ನೋದನ್ನು ಅದರಲ್ಲಿ ಕೂರಿಸಬಹುದು. ಪೆಟ್ರೋಲು ಹರಿಯುವಾಗ ಇರುವ ಒತ್ತಡಕ್ಕಿಂತ ನಾಲ್ಕೈದು ಪೌಂಡು ಕೆಳಗೆ ಇಡೋದು ಮೇಸ್ತ್ರಿಯ ರೂಢಿ. ಸ್ವಿಚ್ಚು ತಂಟೆ ಮಾಡುತ್ತೆ ಅಂತ 20ಕ್ಕೆ, 10ಕ್ಕೆ ಇಳಿಸಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಹಳೇ ಕಾರ್ಬೊರೇಟರ್ ಕಾರಿನ ಸ್ವಿಚ್ಚನ್ನು ಇಂಜೆಕ್ಷನ್ ಕಾರಿಗೆ ಹಾಕಿದರೂ ಅದೇ ಅಪಾಯ. ಅಲ್ಲಿ ಐದಾರು ಪೌಂಡೇ ಪೂರ್ತಿ ಒತ್ತಡ. ಇಲ್ಲಿ ಇಂಜಿನ್ ಸುಡುವ ಹೊತ್ತಿಗೂ ಅದು 'ಎಲ್ಲಾ ಕ್ಷೇಮ' ಅಂತಲೇ ಹೇಳ್ತಿರುತ್ತೆ.

ಹಾಗಂತ ಈ ಸ್ವಿಚ್ಚನ್ನು ದೇವರು ಅಂತ ತಿಳಿಯಬೇಡಿ. ಪೈಪಿನಲ್ಲಿ ಒತ್ತಡ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು. ಅದರಿಂದ ಮುಂದೆ ಜೆಟ್ಟಿನ ಕಣ್ಣು ಕಟ್ಟಿದ್ದರೆ, ಇಂಜೆಕ್ಟರ್ ಕಟ್ಟಿದ್ದರೆ ಅದಕ್ಕೆ ತಿಳಿಯಲ್ಲ. ಕಾವಲುಗಾರ ಇದ್ದಾನೆ ಅಂತ ಬಾಗಿಲು ತೆರೆದಿಟ್ಟು ಮಲಗೋಕಾಗುತ್ತಾ?

ಶೆಲ್ಫಿನ ಮೇಲಿನ ದೀಪ

ಕೆಲಸ ಮುಗಿದಮೇಲೆ ಚಹಾ ಬಂತು. ಗ್ಯಾರೇಜಿನ ಶೆಲ್ಫಿನ ಮೇಲೆ, ದೇವರ ಫೋಟೋದ ಪಕ್ಕ, ಒಂದು ಸಣ್ಣ ಬಲ್ಬಿನ ಹೋಲ್ಡರು ಇತ್ತು. ಮಸಿ ಹಿಡಿದದ್ದು, ವೈರು ಕತ್ತರಿಸಿದ್ದು. ಅದೇನು ಅಂತ ನಾನೇ ಕೇಳಿದೆ.

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜೀಪಿನ ಆಯಿಲ್ ಲೈಟು" ಅಂದರು. "ನನಗೆ ಆಗ ಈ ಚಿಕ್ಕ ಗೌಡ್ರ ವಯಸ್ಸು. ಕಾಫಿ ಕೊಯ್ಲಿನ ಸಮಯ. ಒಂದು ತೋಟದ ಜೀಪು ಬಂತು. ಆಯಿಲ್ ಲೈಟು ಉರೀತಾ ಇದೆ, ಆಳುಗಳು ಕಾಯ್ತಾ ಇದ್ದಾರೆ, ಬೇಗ ಕಳಿಸು ಅಂದ್ರು. ಆಯಿಲ್ ನೋಡ್ದೆ, ಮಟ್ಟ ಇತ್ತು. ಲೈಟಿನ ಸ್ವಿಚ್ಚು ಕೆಟ್ಟಿರಬೇಕು ಅಂತ ವೈರು ಕತ್ತರಿಸಿ ಕಳಿಸಿಬಿಟ್ಟೆ. ಸ್ವಿಚ್ಚು ಕೆಟ್ಟಿರಲಿಲ್ಲ. ಆಯಿಲ್ ಪಂಪು ಕೆಟ್ಟಿತ್ತು."

"ಆಮೇಲೆ?"

"ಅವತ್ತು ಸಂಜೆ ಏರಿನಲ್ಲಿ ಇಂಜಿನ್ ಹಿಡ್ಕೊಂಡ್ತು. ಜೀಪಿನ ತುಂಬ ಹೆಣ್ಣಾಳುಗಳು. ಹಿಂದಕ್ಕೆ ಜಾರಿ ಧರೆಗೆ ಹೊಡೀತು. ಎಡಕ್ಕೆ ಧರೆ, ಬಲಕ್ಕೆ ಪ್ರಪಾತ. ಬಲಕ್ಕೆ ಜಾರಿದ್ರೆ ನಾನು ಇವತ್ತು ಇಲ್ಲಿ ಕೂತು ನಿಂಗೆ ಕಥೆ ಹೇಳ್ತಿರ್ಲಿಲ್ಲ. ಒಬ್ಬಮ್ಮನ ಕೈ ಮುರೀತು. ಆಕೆ ಆ ವರ್ಷ ಕೊಯ್ಲಿಗೆ ಬರಲಿಲ್ಲ. ಮುಂದಿನ ವರ್ಷ ಬಂದ್ರು, ಒಂದೇ ಕೈಯಲ್ಲಿ ಕೊಯ್ತಿದ್ರು. ಯಾರೂ ನನ್ನ ಕೇಳ್ಲಿಲ್ಲ. ಇಂಜಿನ್ ಹಳೇದಾಗಿತ್ತು ಅಂದ್ಕೊಂಡ್ರು. ನಂಗೆ ಗೊತ್ತಿತ್ತಲ್ಲ."

ಹುಡುಗ ಚಹಾ ಲೋಟ ಹಿಡಿದು ಹಾಗೇ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಸಾರಿ ಮೇಸ್ತ್ರಿ" ಅಂದ. ಮೇಸ್ತ್ರಿ "ಚಹಾ ಆರುತ್ತೆ, ಕುಡೀರಿ" ಅಂದರು.

ತೆರೆಯ ಮೇಲೆ, ರಸ್ತೆಯ ಮೇಲೆ

ಈ ಮಾತು ಬರೀ ಕಾರಿನದಲ್ಲ ಅಂತ ಚಿತ್ರರಂಗದವರಿಗೆ ಬೇರೆ ಹೇಳಬೇಕಾ? 2016ರ ನವೆಂಬರ್ 7ನ್ನು ಕನ್ನಡ ಚಿತ್ರರಸಿಕರು ಮರೆತಿಲ್ಲ. ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರದ ಸಾಹಸ ದೃಶ್ಯ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಕಲಾವಿದರಾದ ಅನಿಲ್ ಮತ್ತು ಉದಯ್ ಜೀವಂತವಾಗಿ ಮೇಲೆ ಬರಲಿಲ್ಲ. ತಪ್ಪು ಯಾರದು ಅನ್ನೋ ಚರ್ಚೆ ನನ್ನ ಕೆಲಸವಲ್ಲ. ಆದರೆ ಯಾವ ಸೆಟ್ಟಿನಲ್ಲೇ ಆಗಲಿ, 'ಇದು ಬೇಡ ಸಾರ್' ಅನ್ನುವ ಒಂದು ಸಣ್ಣ ದನಿ ಇರಬೇಕು. ಆ ದನಿ ಎದ್ದಾಗ ಶಾಟ್ ನಿಲ್ಲಿಸುವ ತಾಳ್ಮೆಯೂ ಇರಬೇಕು. ಅಷ್ಟೇ ನನ್ನ ಅರಿಕೆ.

ತೆರೆಯ ಮೇಲೆ ಆ ಗುಂಡಿ ಒತ್ತಿದ ಪಾಲ್ ವಾಕರ್? 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ ನಲವತ್ತು. ಕಾರು ಓಡಿಸುತ್ತಿದ್ದವರು ಗೆಳೆಯರು, ಇವರು ಪಕ್ಕದಲ್ಲಿ ಕೂತಿದ್ದರು. ಶೂಟಿಂಗ್ ಅಲ್ಲ, ರೇಸ್ ಟ್ರ್ಯಾಕ್ ಅಲ್ಲ, ಊರೊಳಗಿನ ರಸ್ತೆ. ಕಾರಣ ಅತಿವೇಗ ಅಂತ ತನಿಖೆ ಮಾಡಿದವರು ಹೇಳಿದರು.

ರ‍್ಯಾಲಿಯಲ್ಲಿ ನೋಡಿ, ಗೌರವ್ ಗಿಲ್ ಅಂಥವರೂ ಒಬ್ಬರೇ ಓಡಿಸಲ್ಲ. ಪಕ್ಕದಲ್ಲಿ ಕೋ-ಡ್ರೈವರ್ ಇರ್ತಾರೆ. ನಮ್ಮ ಕಾಸರಗೋಡಿನ ಮೂಸಾ ಶರೀಫ್ ಅವರು ಆ ಸೀಟಿನಲ್ಲಿ ಕೂತೇ ದೊಡ್ಡ ಹೆಸರು ಮಾಡಿದವರು. ಮುಂದಿನ ತಿರುವು ಎಷ್ಟು ಚೂಪು, ಎಲ್ಲಿ ನಿಧಾನ ಮಾಡಬೇಕು ಅಂತ ಅವರು ಓದಿ ಹೇಳ್ತಾರೆ, ಸ್ಟೀರಿಂಗ್ ಹಿಡಿದವನು ನಂಬಿ ತಿರುಗಿಸ್ತಾನೆ. ನಂಬದಿದ್ದರೆ ಕಾರು ಕಾಫಿ ಗಿಡದೊಳಗೆ!

ಇನ್ನು ಕಾನೂನಿನ ಮಾತು. ಕಂಪನಿ ಕೊಟ್ಟ ಮೂಲ ರೂಪವನ್ನು ಹೀಗೆಲ್ಲ ಬದಲಾಯಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದನ್ನು ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ನೈಟ್ರಸ್ ಇರೋದು ಮುಚ್ಚಿದ ಟ್ರ್ಯಾಕಿಗೆ. ಅಲ್ಲಿ ಡಾಕ್ಟರು, ಆಂಬುಲೆನ್ಸು, ಬೆಂಕಿ ಆರಿಸುವವರು ಇರ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇರೋದು ಮಂಜು ಮತ್ತು ಎದುರಿನಿಂದ ಬರುವ ಸರ್ಕಾರಿ ಬಸ್ಸು.

ಇದನ್ನು ಮೇಸ್ತ್ರಿ ಭಾಷಣ ಮಾಡಿ ಹೇಳಲಿಲ್ಲ. ಹುಡುಗ ಹೊರಟಾಗ ಕಾರನ್ನು ಪಿಕಪ್ಪಿಗೆ ಹತ್ತಿಸಿಕೊಟ್ಟರು. ಬಾಟಲಿಯನ್ನು ಮಾತ್ರ ಕಾರಿಗೆ ಜೋಡಿಸಲಿಲ್ಲ. ಗೋಣಿಚೀಲದಲ್ಲಿ ಸುತ್ತಿ, ಪಿಕಪ್ಪಿನ ಮೂಲೆಯಲ್ಲಿ ಉರುಳದ ಹಾಗೆ ಹಗ್ಗದಲ್ಲಿ ಕಟ್ಟಿಸಿದರು.

"ಟ್ರ್ಯಾಕಿನ ಗೇಟು ದಾಟಿದ ಮೇಲೆ ಫಿಟ್ ಮಾಡ್ಕೊಳ್ಳಿ ಚಿಕ್ಕ ಗೌಡ್ರೇ."

"ಆಯ್ತು ಮೇಸ್ತ್ರಿ. ಮತ್ತೆ ಬಿಕ್ಕಳಿಕೆ ಬಂದ್ರೆ?"

"ಕಾಲು ತೆಗೀರಿ. ಸ್ವಿಚ್ಚು ಕೀಳಬೇಡಿ."

ಪಂದ್ಯದಲ್ಲಿ ಆ ಹುಡುಗ ಗೆದ್ದನೋ ಸೋತನೋ ನಾನು ವಿಚಾರಿಸಲಿಲ್ಲ. ಮೊನ್ನೆ ಗ್ಯಾರೇಜಿನ ಮುಂದೆ ಹಾದು ಬರುವಾಗ ಅದೇ ಕಾರು ಅಂಗಳದಲ್ಲಿ ನಿಂತಿತ್ತು. ಪೆಟ್ಟಾಗಿರಲಿಲ್ಲ, ಮಳೆಗಾಲಕ್ಕೆ ಮುಂಚೆ ಟ್ಯಾಂಕು ತೊಳೆಸೋಕೆ ತಂದಿದ್ದನಂತೆ. ಸೈಕಲ್ ಪಂಪನ್ನು ಅವನೇ ಒತ್ತುತ್ತಿದ್ದ. ಮೇಸ್ತ್ರಿ ಪಕ್ಕದಲ್ಲಿ ನಿಂತು ಗೇಜು ನೋಡ್ತಿದ್ದರು.